ಪೈವಳಿಕೆಯ ಪದವಿನಿಂದ ಖುರ್ಜಾದವರೆಗೆ: ಒಂದು ಕಂಪನಿಯ ಯೋಜನೆಗಳ ಪ್ರಗತಿಯನ್ನು ನಾನು ಲೆಕ್ಕ ಹಾಕಿದ ಬಗೆ

ದೊಡ್ಡ ಯೋಜನೆಗಳಿಗೆ ಸಾಲ ಕೊಡುವ ಬ್ಯಾಂಕುಗಳ ಪರವಾಗಿ ಕಾಮಗಾರಿಯ ಸ್ಥಳಕ್ಕೆ ಹೋಗಿ, ಎಷ್ಟು ಕೆಲಸ ನಡೆದಿದೆ, ಉಳಿದದ್ದು ಯಾವಾಗ ಮುಗಿದೀತು ಎಂದು ಪರಿಶೀಲಿಸಿ ವರದಿ ಬರೆಯುವುದು ನನ್ನ ಉದ್ಯೋಗವಾಗಿತ್ತು. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ನಮ್ಮ ಊರಿಗೆ ಮರಳಿದ ಮೇಲೆ ಅದೇ ವಿದ್ಯೆಯನ್ನು ಒಂದೇ ಒಂದು ಕಂಪನಿಯ ಯೋಜನೆಗಳ ಮೇಲೆ ವರ್ಷಗಟ್ಟಲೆ ಪ್ರಯೋಗಿಸಿದೆ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಮುರಕಲ್ಲಿನ ಬಯಲುಗಳಲ್ಲಿ, ಸುಮಾರು 250 ಎಕರೆಯಲ್ಲಿ ಹರಡಿರುವ 50 ಮೆಗಾವ್ಯಾಟ್ ಸೌರ ಸ್ಥಾವರವನ್ನು ಕಟ್ಟಿಸಿದ ಟಿಎಚ್‌ಡಿಸಿ ಇಂಡಿಯಾ ಎಂಬ ಸಾರ್ವಜನಿಕ ವಲಯದ ಕಂಪನಿಯೇ ಅದು. ಟೆಹ್ರಿ ಅಣೆಕಟ್ಟನ್ನು ಕಟ್ಟುವುದಕ್ಕಾಗಿ ಹುಟ್ಟಿ, ರಿಷಿಕೇಶದಲ್ಲಿ ಕಚೇರಿ ಇಟ್ಟುಕೊಂಡಿರುವ ಈ ಕಂಪನಿಗೆ ಮಧ್ಯಪ್ರದೇಶದ ಸಿಂಗ್ರೌಲಿ ಜಿಲ್ಲೆಯಲ್ಲಿ ಅಮೇಲಿಯಾ ಕಲ್ಲಿದ್ದಲು ಗಣಿ, ಉತ್ತರ ಪ್ರದೇಶದ ಖುರ್ಜಾದಲ್ಲಿ 1,320 ಮೆಗಾವ್ಯಾಟ್‌ನ ಶಾಖೋತ್ಪನ್ನ ಸ್ಥಾವರ, ಟೆಹ್ರಿಯಲ್ಲಿ 1,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿಟ್ಟು, ಬೇಕಾದಾಗ ಕೆಳಗಿಳಿಸಿ ವಿದ್ಯುತ್ ತೆಗೆಯುವ) ಸ್ಥಾವರಗಳಿವೆ. ನಮ್ಮ ಗುಡ್ಡದ ಮೇಲಿರುವುದು ಅವುಗಳ ಪೈಕಿ ಚಿಕ್ಕದು.

ನಮ್ಮ ಊರಿನ ಗ್ರಂಥಾಲಯದಲ್ಲಿ ಈ ವಿಷಯ ಚರ್ಚೆಗೆ ಬಂದಾಗ, ನಿವೃತ್ತ ಮಾಷ್ಟ್ರೊಬ್ಬರು ನನ್ನನ್ನು ತಡೆದು, "ಎಷ್ಟು ಪರ್ಸೆಂಟ್ ಆಯಿತು ಅಂತ ಹೇಳಬೇಡಿ ಮಾರಾಯ್ರೆ, ಕರೆಂಟು ಯಾವಾಗ ಅಂತ ಹೇಳಿ" ಎಂದರು. ಪ್ರಗತಿ ವರದಿಗಳನ್ನು ಬರೆಯುವವರೂ ಓದುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ ಎಂದು ನಾನು ನಂಬಿದ್ದೇನೆ.

ಶೇಕಡಾವಾರು ಲೆಕ್ಕ ಎರಡು ಬಗೆಯದು. ಹಣಕಾಸಿನ ಪ್ರಗತಿ ಎಂದರೆ ಮಂಜೂರಾದ ಮೊತ್ತದಲ್ಲಿ ಎಷ್ಟು ಖರ್ಚಾಗಿದೆ ಎಂಬುದು. ಭೌತಿಕ ಪ್ರಗತಿ ಎಂದರೆ ಪ್ರತಿಯೊಂದು ಕೆಲಸಕ್ಕೂ ಇಷ್ಟಿಷ್ಟು ತೂಕ ಎಂದು ಮೊದಲೇ ನಿಗದಿಪಡಿಸಿ, ಆದಷ್ಟನ್ನು ಕೂಡಿ ತೆಗೆದ ಮೊತ್ತ. ಯಂತ್ರಗಳು ಬಂದು ಉಗ್ರಾಣ ಸೇರಿದ ಕೂಡಲೇ ಖರ್ಚಿನ ಅಂಕಿ ಮೇಲಕ್ಕೆ ಜಿಗಿಯುತ್ತದೆ, ಆದರೆ ಅವುಗಳನ್ನು ಕೂರಿಸಬೇಕಾದ ಅಡಿಪಾಯ ಇನ್ನೂ ಬಿದ್ದಿರುವುದಿಲ್ಲ. ಭೌತಿಕ ಪ್ರಗತಿಯ ಅಂಕಿಯೂ ಒಮ್ಮೊಮ್ಮೆ ಇಷ್ಟೇ ದಾರಿ ತಪ್ಪಿಸುತ್ತದೆ. ಬೇರೊಂದು ರಾಜ್ಯದ ಪ್ರಸರಣ ಮಾರ್ಗವೊಂದರ ಪರಿಶೀಲನೆಗೆ ಹೋಗಿದ್ದಾಗ ಶೇ. 90ಕ್ಕೂ ಹೆಚ್ಚು ಗೋಪುರಗಳು ಎದ್ದು ನಿಂತಿದ್ದವು, ತಂತಿಯ ಸುರುಳಿಗಳು ರಸ್ತೆ ಬದಿಯಲ್ಲಿ ಸಾಲಾಗಿದ್ದವು, ಗುತ್ತಿಗೆದಾರರ ಬಿಲ್ಲುಗಳೂ ಪಾವತಿಯಾಗಿದ್ದವು. ನಡುವೆ ಒಂದು ಗೋಪುರಕ್ಕೆ ಬೇಕಾದ ಜಾಗದ ಪರಿಹಾರದ ಮೊತ್ತ ತೀರ್ಮಾನವಾಗದೆ, ಇಡೀ ಮಾರ್ಗದಲ್ಲಿ ಒಂದು ಯೂನಿಟ್ ವಿದ್ಯುತ್ತೂ ಹರಿಯುವಂತಿರಲಿಲ್ಲ. ಆ ವರದಿಯ ಮೊದಲ ಪುಟದಲ್ಲಿ ಶೇಕಡಾ ಅಂಕಿಯ ಬದಲು ಆ ಒಂದು ಗೋಪುರದ ಸಂಖ್ಯೆಯನ್ನೇ ಬರೆದೆ. ಮುಂದಿನ ಕೆಲಸದವನ ಕೈಗೆ ಒಪ್ಪಿಸಬಹುದಾದ ಸ್ಥಿತಿಗೆ ಬಂದ ಕೆಲಸವನ್ನು ಮಾತ್ರ ಮುಗಿದದ್ದೆಂದು ಎಣಿಸುವ ಕ್ರಮವನ್ನು ಅಲ್ಲಿಂದ ಮುಂದೆ ನಾನು ಬಿಡಲಿಲ್ಲ.

ಸೌರ ಸ್ಥಾವರದಲ್ಲಿ ಈ ಸರಪಳಿ ಗಿಡ್ಡದು. ಜಾಗ, ಕಂಬ, ಫಲಕ, ಇನ್ವರ್ಟರ್, ಉಪಕೇಂದ್ರ, ರಾಜ್ಯದ ಜಾಲ, ಇಷ್ಟೇ. ಆದರೂ ನಮ್ಮ ಪದವುಗಳಲ್ಲಿ ಕಂಬ ನೆಡುವುದೇ ಒಂದು ವಿದ್ಯೆ. ಮೇಲ್ಪದರದ ಮುರಕಲ್ಲು ಬಿಸಿಲಿಗೆ ಮೈಯೊಡ್ಡಿ ಕಬ್ಬಿಣದಂತೆ ಗಟ್ಟಿಯಾಗಿರುತ್ತದೆ; ಅದನ್ನು ಕೊರೆದು ಕೆಳಗಿಳಿದಂತೆ ಕಲ್ಲು ಮೆತ್ತಗಾಗುತ್ತ ಹೋಗಿ, ಕಡೆಗೆ ಬೆರಳಿಗೆ ಹತ್ತುವ ಬಿಳಿ ಶೇಡಿ ಮಣ್ಣು ಸಿಗುತ್ತದೆ. ಒಂದೇ ಸಾಲಿನ ಎರಡು ಕುಳಿಗಳಲ್ಲಿ ಒಂದು ಪೂರ್ತಿ ಕಲ್ಲಾಗಿ, ಇನ್ನೊಂದರಲ್ಲಿ ನಡುವೆ ಪೊಳ್ಳು ಕಾಣಿಸುವುದು ಇಲ್ಲಿ ಸಾಮಾನ್ಯ. ಬಾಯಾರು, ಶೇಣಿ ಕಡೆಯ ಹಿರಿಯರು ಇದೇ ನೆಲದ ಗುಣವನ್ನು ತಿಳಿದು ಗುಡ್ಡದ ಮಗ್ಗುಲಿಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತಂದವರು. ಜಿಲ್ಲೆಯಲ್ಲಿ ಅಂಥ ಸುರಂಗಗಳು ಸಾವಿರಾರಿವೆ. ಆದ್ದರಿಂದ ಇಂಥ ನೆಲದಲ್ಲಿ ನೆಟ್ಟ ಕಂಬಗಳ ಸಂಖ್ಯೆಯನ್ನು ಕೇಳುವುದಕ್ಕಿಂತ, ಎಳೆದು ನೋಡಿ ಪರೀಕ್ಷಿಸಿದ ಕಂಬಗಳೆಷ್ಟು ಎಂದು ಕೇಳಬೇಕು. ಗಾಳಿ ಫಲಕವನ್ನು ಮೇಲಕ್ಕೆತ್ತಲು ನೋಡುತ್ತದೆ, ಕಂಬದ ಬುಡ ಅದನ್ನು ಹಿಡಿದಿಡಬೇಕು. ಜೊತೆಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಪದವಿನ ನೀರು ಯಾವ ಪಳ್ಳದಲ್ಲಿ ನಿಲ್ಲುತ್ತದೆ, ಯಾವ ತೋಡಿಗೆ ಇಳಿಯುತ್ತದೆ ಎಂಬುದನ್ನು ಜೂನ್ ತಿಂಗಳಿಗೆ ಮುಂಚೆ ಗುರುತಿಸಿ ಚರಂಡಿ ಮಾಡದಿದ್ದರೆ, ಕೇಬಲ್ ಹಾಕಿದ ಕಾಲುವೆಗಳನ್ನು ಮಳೆಗಾಲದ ನಂತರ ಮತ್ತೆ ತೋಡಬೇಕಾಗುತ್ತದೆ.

ಪೈವಳಿಕೆಯ ಸ್ಥಾವರ 2020ರ ಡಿಸೆಂಬರ್ ಕೊನೆಯಲ್ಲಿ ಉತ್ಪಾದನೆ ಆರಂಭಿಸಿತು. 2021ರ ಫೆಬ್ರುವರಿ 19ರಂದು ಪ್ರಧಾನಿಯವರು ದೂರದಿಂದಲೇ ಅದನ್ನು ಉದ್ಘಾಟಿಸಿದರು. ವರದಿಯ ಕೆಲಸದಲ್ಲಿರುವವನಿಗೆ ಈ ಎರಡು ದಿನಾಂಕಗಳಲ್ಲಿ ಮೊದಲನೆಯದೇ ಮುಖ್ಯ. ಉತ್ಪಾದನಾ ಸಾಮರ್ಥ್ಯದ ಬಳಕೆಯನ್ನು ಶೇ. 19 ಎಂದು ಹಿಡಿದರೆ 50 ಮೆಗಾವ್ಯಾಟ್‌ನಿಂದ ವರ್ಷಕ್ಕೆ ಸುಮಾರು 8.3 ಕೋಟಿ ಯೂನಿಟ್ ಸಿಗಬೇಕು ಎಂಬ ಲೆಕ್ಕವನ್ನು ಗ್ರಂಥಾಲಯದ ಹಲಗೆಯ ಮೇಲೆ ಬರೆದು ತೋರಿಸಿದಾಗ, ಮೆಗಾವ್ಯಾಟ್ ಬೇರೆ, ಯೂನಿಟ್ ಬೇರೆ ಎಂಬುದು ಎಲ್ಲರಿಗೂ ಮನದಟ್ಟಾಯಿತು.

ಗಣಿ ಮತ್ತು ಶಾಖೋತ್ಪನ್ನ ಸ್ಥಾವರದ ಜೋಡಿಯನ್ನು ಹಿಂಬಾಲಿಸುವುದು ಇದಕ್ಕಿಂತ ಬಹಳ ಕಷ್ಟದ, ಆದರೆ ನನಗೆ ಅತ್ಯಂತ ಪ್ರಿಯವಾದ ಕೆಲಸ. ಕೇಂದ್ರ ಸಚಿವ ಸಂಪುಟದ ಸಮಿತಿ 2019ರ ಮಾರ್ಚಿನಲ್ಲಿ ಖುರ್ಜಾ ಸ್ಥಾವರಕ್ಕೆ ಸುಮಾರು 11,089 ಕೋಟಿ ರೂಪಾಯಿ, ಅಮೇಲಿಯಾ ಗಣಿಗೆ ಸುಮಾರು 1,587 ಕೋಟಿ ರೂಪಾಯಿ ವೆಚ್ಚಕ್ಕೆ ಒಟ್ಟಿಗೇ ಒಪ್ಪಿಗೆ ಕೊಟ್ಟಿತು. ಒಟ್ಟಿಗೆ ಏಕೆ ಎಂಬುದು ಒಂದು ಸರಳ ಗುಣಾಕಾರದಿಂದ ತಿಳಿಯುತ್ತದೆ. ತಲಾ 660 ಮೆಗಾವ್ಯಾಟ್‌ನ ಎರಡು ಘಟಕಗಳು ಶೇ. 85ರ ಸಾಮರ್ಥ್ಯದಲ್ಲಿ ನಡೆದರೆ ವರ್ಷಕ್ಕೆ ಸುಮಾರು 980 ಕೋಟಿ ಯೂನಿಟ್ ಹುಟ್ಟುತ್ತದೆ. ಗಣಿಯ ವಾರ್ಷಿಕ ಸಾಮರ್ಥ್ಯ 56 ಲಕ್ಷ ಟನ್. ಯೂನಿಟ್ ಒಂದಕ್ಕೆ ಸುಮಾರು 570 ಗ್ರಾಂ ಕಲ್ಲಿದ್ದಲು ಬಂತು. ಅತಿ ಹೆಚ್ಚಿನ ಒತ್ತಡದ ಉಗಿಯಿಂದ ನಡೆಯುವ ಇಂಥ ಸೂಪರ್‌ಕ್ರಿಟಿಕಲ್ ಘಟಕಗಳಿಗೆ ನಮ್ಮ ದೇಶದ ಕಲ್ಲಿದ್ದಲು ಹೆಚ್ಚುಕಡಿಮೆ ಇಷ್ಟೇ ಬೇಕು. ಅಂದರೆ ಗಣಿಯ ಅಳತೆಯೂ ಸ್ಥಾವರದ ಹೊಟ್ಟೆಯ ಅಳತೆಯೂ ಒಂದೇ. ಅದನ್ನೇ ರೈಲಿನ ಲೆಕ್ಕಕ್ಕೆ ತಂದರೆ, ಒಂದು ರೇಕಿನಲ್ಲಿ, ಅಂದರೆ ಒಂದು ಪೂರ್ತಿ ಗೂಡ್ಸ್ ಗಾಡಿಯಲ್ಲಿ, 4,000 ಟನ್ ಎಂದು ಹಿಡಿದಾಗ ವರ್ಷಕ್ಕೆ 1,400 ರೇಕು, ದಿನಕ್ಕೆ ಸುಮಾರು ನಾಲ್ಕು. ಸಿಂಗ್ರೌಲಿಯಿಂದ ಖುರ್ಜಾ ಇರುವ ಬುಲಂದ್‌ಶಹರ್ ಜಿಲ್ಲೆಯವರೆಗೆ ಪ್ರತಿದಿನ ನಾಲ್ಕು ಗಾಡಿಗಳು ತುಂಬಿ ಬಂದು, ಸ್ಥಾವರದ ಅಂಗಳದಲ್ಲಿ ಖಾಲಿಯಾಗಿ ಹಿಂದಿರುಗಬೇಕು. ಹೀಗಾಗಿ ನನ್ನ ಪಟ್ಟಿಯಲ್ಲಿ ಬಾಯ್ಲರಿಗೆ ಎಷ್ಟು ಮಹತ್ವವೋ, ಗಣಿಯಲ್ಲಿ ಕಲ್ಲಿದ್ದಲು ತುಂಬುವ ವ್ಯವಸ್ಥೆಗೂ ಗಾಡಿ ಒಳಬರುವ ಸ್ಥಾವರದ ಕವಲು ಹಳಿಗೂ (ರೈಲ್ವೆ ಸೈಡಿಂಗ್) ಅಷ್ಟೇ ಮಹತ್ವ. ಪತ್ರಿಕೆಗಳಲ್ಲಿ ಚಿತ್ರ ಬರುವುದು ಚಿಮಣಿಯದು, ಆದರೆ ನಾನು ಮೊದಲು ಹುಡುಕುವುದು ವ್ಯಾಗನ್ ಮಗುಚುವ ಯಂತ್ರ ಪರೀಕ್ಷೆಗೆ ಬಂದಿದೆಯೇ ಎಂಬುದನ್ನು.

ಗಣಿಯ ಕಾಗದಪತ್ರದ ದಾರಿ ಉದ್ದ. ಹಂಚಿಕೆ, ಗಣಿ ಯೋಜನೆಗೆ ಒಪ್ಪಿಗೆ, ಪರಿಸರ ಅನುಮತಿ, ಎರಡು ಹಂತಗಳ ಅರಣ್ಯ ಅನುಮತಿ, ಗಣಿ ಗುತ್ತಿಗೆ, ಭೂಮಿ, ಪುನರ್ವಸತಿ, ಕೊನೆಗೆ ಗಣಿ ತೆರೆಯಲು ಪರವಾನಗಿ. ಅದಾದ ಮೇಲೂ ಮೊದಲು ಹೊರಬರುವುದು ಕಲ್ಲಿದ್ದಲಲ್ಲ, ಅದರ ಮೇಲೆ ಕೂತಿರುವ ಮಣ್ಣು ಮತ್ತು ಬಂಡೆ. ಅಮೇಲಿಯಾ ಹಂಚಿಕೆಯಾದದ್ದು 2017ರಲ್ಲಿ, ಕಲ್ಲಿದ್ದಲು ಹೊರಬಂದದ್ದು 2023ರಲ್ಲಿ. ಖುರ್ಜಾದ ಮೊದಲ ಘಟಕದ ವಾಣಿಜ್ಯ ಉತ್ಪಾದನೆ ಆರಂಭವಾದದ್ದು 2025ರ ಜನವರಿ 26ರಂದು. ಗಣಿ ಮುಂದಾಗಿ ಸ್ಥಾವರ ಹಿಂದಾದದ್ದು ಒಳ್ಳೆಯ ಕ್ರಮವೆಂದೇ ನನ್ನ ಅಭಿಪ್ರಾಯ. ಸ್ಥಾವರ ಸಿದ್ಧವಾಗಿ ನಿಂತು ಗಣಿಗಾಗಿ ಕಾಯುವಂತಾದರೆ ಹೊರಗಿನ ಕಲ್ಲಿದ್ದಲಿಗೆ ಕೈಚಾಚಬೇಕು. ಆ ಹೊರೆ ಕೊನೆಗೆ ವಿದ್ಯುತ್ ಕೊಳ್ಳುವವನ ಬಿಲ್ಲಿಗೆ ಬಂದು ಸೇರುತ್ತದೆ.

ಶಾಖೋತ್ಪನ್ನ ಘಟಕದ ವಿಷಯದಲ್ಲಿ ನಾನು ನೆಚ್ಚಿಕೊಂಡ ಮೈಲಿಗಲ್ಲುಗಳು ಕೆಲವೇ: ಬಾಯ್ಲರಿನ ನೀರೊತ್ತಡ ಪರೀಕ್ಷೆ, ಮೊದಲ ಬೆಂಕಿ, ಉಗಿ ಹಾಯಿಸಿ ಕೊಳವೆಗಳನ್ನು ಶುಚಿಗೊಳಿಸುವುದು, ಜಾಲಕ್ಕೆ ಜೋಡಣೆ, ಪೂರ್ಣ ಸಾಮರ್ಥ್ಯದಲ್ಲಿ 72 ಗಂಟೆಗಳ ಪ್ರಾಯೋಗಿಕ ಓಟ. ಜಾಲಕ್ಕೆ ಜೋಡಿಸಿದ ದಿನವೇ ಸಿಹಿ ಹಂಚುತ್ತಾರೆ. ಅಲ್ಲಿಂದ ವಾಣಿಜ್ಯ ಉತ್ಪಾದನೆಯ ದಿನಾಂಕದವರೆಗೆ ಇನ್ನೂ ಹಲವು ತಿಂಗಳು ಹಿಡಿಯಬಹುದು. ಸಾಲದ ಬಡ್ಡಿ ಆ ತಿಂಗಳುಗಳಲ್ಲೂ ಯೋಜನೆಯ ವೆಚ್ಚಕ್ಕೇ ಸೇರುತ್ತಿರುತ್ತದೆ.

ಉದ್ಯೋಗದಲ್ಲಿದ್ದಾಗ ಸ್ಥಳಕ್ಕೆ ಹೋಗಿ ನೋಡುವ ಅಧಿಕಾರವಿತ್ತು. ಮನೆಯಲ್ಲಿ ಕುಳಿತವನಿಗೆ ಅದಿಲ್ಲ, ಆದರೆ ಯಾರೂ ಓದಬಹುದಾದ ದಾಖಲೆಗಳು ನಾನು ಊಹಿಸಿದ್ದಕ್ಕಿಂತ ಹೆಚ್ಚು ಮಾತನಾಡುತ್ತವೆ. ಕೇಂದ್ರ ವಿದ್ಯುತ್ ಪ್ರಾಧಿಕಾರ ನಿರ್ಮಾಣ ಹಂತದ ಶಾಖೋತ್ಪನ್ನ ಸ್ಥಾವರಗಳ ಸ್ಥಿತಿಗತಿಯನ್ನು ತಿಂಗಳು ತಿಂಗಳೂ ಪ್ರಕಟಿಸುತ್ತದೆ, ಜಲವಿದ್ಯುತ್ ಯೋಜನೆಗಳದ್ದನ್ನು ಮೂರು ತಿಂಗಳಿಗೊಮ್ಮೆ ವಿವರವಾಗಿ ಕೊಡುತ್ತದೆ. ಪರಿಸರ ಅನುಮತಿ ಪಡೆದ ಪ್ರತಿಯೊಂದು ಯೋಜನೆಯೂ ಜೂನ್ ಮತ್ತು ಡಿಸೆಂಬರ್ ತಿಂಗಳ ಆರಂಭಕ್ಕೆ ಷರತ್ತುಗಳ ಪಾಲನಾ ವರದಿ ಸಲ್ಲಿಸಬೇಕು; ನೆಟ್ಟ ಗಿಡಗಳ ಲೆಕ್ಕದ ನಡುವೆಯೇ ಭೂಮಿ ಎಷ್ಟು ಕೈಗೆ ಬಂದಿದೆ, ಎಷ್ಟು ಕುಟುಂಬಗಳ ಸ್ಥಳಾಂತರ ಬಾಕಿ ಇದೆ ಎಂಬ ವಿವರಗಳು ಅಲ್ಲಿ ಸಿಗುತ್ತವೆ. ಬಾಂಡುಗಳ ಮೂಲಕ ಸಾಲ ಎತ್ತುವ ಕಂಪನಿಗಳ ಬಗ್ಗೆ ಕ್ರೆಡಿಟ್ ರೇಟಿಂಗ್ ಸಂಸ್ಥೆಗಳು ಬರೆಯುವ ಟಿಪ್ಪಣಿಗಳಲ್ಲಿ ವಿಳಂಬದ ಕಾರಣಗಳು ಮುಚ್ಚುಮರೆಯಿಲ್ಲದೆ ಬರುತ್ತವೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಉಪಯೋಗವಾದದ್ದು ವಾರ್ಷಿಕ ಲೆಕ್ಕಪತ್ರದ ಒಂದು ಕೋಷ್ಟಕ. 2021ರ ತಿದ್ದುಪಡಿಯ ನಂತರ, ಪ್ರಗತಿಯಲ್ಲಿರುವ ಬಂಡವಾಳ ಕಾಮಗಾರಿಯ ಮೊತ್ತವನ್ನು ಕಂಪನಿಗಳು ಅದರ ವಯಸ್ಸಿನ ಪ್ರಕಾರ ಒಡೆದು ತೋರಿಸಬೇಕು: ಒಂದು ವರ್ಷದೊಳಗಿನದು, ಎರಡರೊಳಗಿನದು, ಮೂರರೊಳಗಿನದು, ಮೂರು ಮೀರಿದ್ದು. ಅಂದಾಜಿನ ವೆಚ್ಚವನ್ನೋ ಅವಧಿಯನ್ನೋ ಮೀರಿದ ಯೋಜನೆಗಳು ಯಾವಾಗ ಮುಗಿಯುತ್ತವೆ ಎಂಬುದನ್ನೂ ಪ್ರತ್ಯೇಕವಾಗಿ ಹೇಳಬೇಕು. ಎರಡು ವರ್ಷಗಳ ಕೋಷ್ಟಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಯಾವ ಮೊತ್ತ ಸ್ಥಿರ ಆಸ್ತಿಯಾಗಿ ಮಾರ್ಪಟ್ಟಿದೆ, ಯಾವುದು ಕಾಮಗಾರಿಯ ಕಲಂನಲ್ಲೇ ಕುಳಿತು ಹಳತಾಗುತ್ತಿದೆ ಎಂದು ಬ್ಯಾಂಕಿನ ಗುಮಾಸ್ತನಷ್ಟೇ ಸ್ಪಷ್ಟವಾಗಿ ನಮ್ಮ ಊರಿನ ಹುಡುಗರೂ ಹೇಳಬಲ್ಲರು. ಇದನ್ನು ಅವರಿಗೆ ಕಲಿಸುವುದರಲ್ಲಿ ನನಗೆ ಸಿಕ್ಕ ಸಂತೋಷ ದೊಡ್ಡದು.

ಟೆಹ್ರಿಯ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಹೀಗೆಯೇ ಹಿಂಬಾಲಿಸಿದೆ. ಮೇಲಿನ ಜಲಾಶಯ ಟೆಹ್ರಿಯದು, ಕೆಳಗಿನದು 22 ಕಿಲೋಮೀಟರ್ ಕೆಳಗಿರುವ ಕೋಟೇಶ್ವರದ್ದು. ಎರಡೂ ಮೊದಲೇ ಇದ್ದುದರಿಂದ ಹೊಸದಾಗಿ ಅಣೆಕಟ್ಟು ಕಟ್ಟಬೇಕಾಗಿರಲಿಲ್ಲ. ಮಾಡಬೇಕಾದದ್ದೆಲ್ಲ ಬೆಟ್ಟದ ಹೊಟ್ಟೆಯೊಳಗೆ. ತಲಾ 250 ಮೆಗಾವ್ಯಾಟ್‌ನ ನಾಲ್ಕು ಯಂತ್ರಗಳು, ವೇಗ ಬದಲಿಸಬಲ್ಲ ಇಂಥ ಯಂತ್ರಗಳು ನಮ್ಮ ದೇಶಕ್ಕೆ ಹೊಸವು. ಮುಖ್ಯ ಗುತ್ತಿಗೆ 2011ರಲ್ಲಿ ಆಯಿತು, ಮೊದಲ ಘಟಕದ ವಾಣಿಜ್ಯ ಕಾರ್ಯಾಚರಣೆ 2025ರ ಜೂನ್‌ನಲ್ಲಿ, ಎರಡನೆಯದು ಜುಲೈಯಲ್ಲಿ. ಹಿಮಾಲಯದ ಬಿರುಕುಬಿಟ್ಟ ಶಿಲೆಯಲ್ಲಿ ನೆಲದೊಳಗೆ ಕೆಲಸ ಮಾಡುವಾಗ, ಅಗೆದ ಪ್ರತಿ ಮೀಟರಿನ ಹಿಂದೆಯೇ ಉಕ್ಕಿನ ಆಸರೆಯನ್ನೂ ಕಾಂಕ್ರೀಟನ್ನೂ ಕೊಡುತ್ತ ಹೋಗಬೇಕು. ಅಗೆತದ ಅಂಕಿ ಮುಂದೆ ಓಡಿ ಕಾಂಕ್ರೀಟಿನ ಅಂಕಿ ಹಿಂದುಳಿದಿದ್ದರೆ ಆ ತ್ರೈಮಾಸಿಕದ ಪ್ರಗತಿಯನ್ನು ನಾನು ಅರ್ಧಕ್ಕೇ ಎಣಿಸುತ್ತೇನೆ. ಮಧ್ಯಾಹ್ನದ ಸೌರ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ ಸಂಜೆ ಕೆಳಗಿಳಿಸುವ ಈ ಏರ್ಪಾಡು ಬೆಳೆದಷ್ಟೂ ನಮ್ಮ ಪದವಿನಂಥ ಜಾಗಗಳ ಮಧ್ಯಾಹ್ನದ ಯೂನಿಟ್ಟಿಗೆ ಬೆಲೆ ಬರುತ್ತದೆ. ಸೌರ ಸ್ಥಾವರಗಳನ್ನು ಮಾತ್ರ ನೋಡಿ ಮಾತಾಡುವವರಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ.

ಈಗ ನನ್ನ ಪುಸ್ತಕದಲ್ಲಿ ತೆರೆದ ಪುಟವಾಗಿ ಇರುವುದು ಉತ್ತರಾಖಂಡದ ಅಲಕನಂದಾ ನದಿಯ ವಿಷ್ಣುಗಾಡ್ ಪೀಪಲ್‌ಕೋಟಿ ಯೋಜನೆ. ಅದರ ಸಾಮರ್ಥ್ಯ 444 ಮೆಗಾವ್ಯಾಟ್. ವಿಶ್ವ ಬ್ಯಾಂಕ್ 2011ರಲ್ಲಿ 64.8 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ನೀರು ಸಾಗುವ ಮುಖ್ಯ ಸುರಂಗದ ಉದ್ದ 13.4 ಕಿಲೋಮೀಟರ್, ಅದರಲ್ಲಿ ಸುಮಾರು 12 ಕಿಲೋಮೀಟರನ್ನು ಸುರಂಗ ಕೊರೆಯುವ ಬೃಹತ್ ಯಂತ್ರದಿಂದಲೇ ತೆಗೆಯುವ ಏರ್ಪಾಡು. ಯಂತ್ರ ಒಂದೇ, ಮುಖವೂ ಒಂದೇ; ಅದು ನಿಂತರೆ ಪಕ್ಕದಲ್ಲಿ ಇನ್ನೊಂದು ಕಡೆಯಿಂದ ಕೊರೆಯಲಾಗದು. ಆದ್ದರಿಂದ ಅಣೆಕಟ್ಟಿನ ಕಾಂಕ್ರೀಟ್, ವಿದ್ಯುದಾಗಾರದ ಅಗೆತ ಏನೇ ಆಗಿದ್ದರೂ, ಪ್ರತಿ ತ್ರೈಮಾಸಿಕ ವರದಿ ಬಂದ ಕೂಡಲೇ ನಾನು ಆ ಯಂತ್ರ ಅಲ್ಲಿಯವರೆಗೆ ಕೊರೆದ ಮೀಟರುಗಳಿಂದ ಹಿಂದಿನ ವರದಿಯ ಅಂಕಿಯನ್ನು ಕಳೆದು, ಅದರಿಂದ ತಿಂಗಳ ವೇಗ ತೆಗೆದು, ಉಳಿದ ಉದ್ದವನ್ನು ಆ ವೇಗದಿಂದ ಭಾಗಿಸಿ, ಬಂದ ತಿಂಗಳುಗಳನ್ನು ಕಂಪನಿ ಹೇಳಿದ ದಿನಾಂಕದ ಪಕ್ಕದಲ್ಲಿ ಬರೆದಿಡುತ್ತೇನೆ. ಗ್ರಂಥಾಲಯದ ಮಾಷ್ಟ್ರು ಮುಂದಿನ ಸಲ ಕೇಳಿದಾಗ ಅವರ ಮುಂದಿಡುವುದು ಆ ಎರಡು ಅಂಕಿಗಳನ್ನೇ.