ಕೆಚ್ಚಲು ಬಾವು: ಮೊದಲು ಆಕಳು ಮಲಗೋ ಜಾಗ ನೋಡಿ

ನಮ್ಮ ಗೌರಿಗೆ ಒಂದೇ ಮಳೆಗಾಲದಲ್ಲಿ ಮೂರು ಸಲ ಕೆಚ್ಚಲು ಬಾವು ಬಂತು. ಮೂರೂ ಸಲ ಬಲಗಡೆ ಹಿಂದಿನ ಮೊಲೆಗೇ. ಇಂಜೆಕ್ಷನ್ ಆಯ್ತು, ಮೊಲೆಗೆ ಏರಿಸೋ ಟ್ಯೂಬ್ ಆಯ್ತು, ಬಕೆಟ್‌ಗಟ್ಟಲೆ ಹಾಲು ಚೆಲ್ಲಿದ್ದೂ ಆಯ್ತು. ವಾಸಿ ಆಯ್ತು ಅನ್ನುವಷ್ಟರಲ್ಲಿ ಮತ್ತೆ ಕೆಚ್ಚಲು ಬಿಸಿ, ಮುಟ್ಟಿದರೆ ಒದೆ, ಹಾಲಿನಲ್ಲಿ ಮೊಸರಿನಂಥ ಗಂಟು.

ಕಾರಣ ಸಿಕ್ಕಿದ್ದು ನನ್ನ ಸೀರೆಯಲ್ಲಿ. ಒಂದು ಮೊಣಕಾಲು ನೆಲಕ್ಕೆ ಊರಿ ಹಿಂಡೋದು ನನ್ನ ರೂಢಿ. ಒಂದು ದಿನ ಅತ್ತೆ ಕೇಳಿದರು, "ಯವ್ವಾ, ದಿನಾ ಅಲ್ಲೇ ಯಾಕ ಸೀರಿ ತೊಯ್ತೈತಿ?" ಹೌದಲ್ವಾ! ಉಳಿದ ಮೂರು ಆಕಳು ಹಿಂಡಿ ಎದ್ದರೆ ಸೀರೆ ಒಣಗೇ ಇರುತ್ತೆ. ಗೌರಿ ಹತ್ತಿರ ಎದ್ದರೆ ಮಾತ್ರ ಮೊಣಕಾಲಿನ ಮೇಲೆ ಅಂಗೈ ಅಗಲ ಒದ್ದೆ. ಹುಲ್ಲು ಸರಿಸಿ ನೋಡಿದೆ. ನೆಲಕ್ಕೆ ಹಾಸಿದ ಒಂದು ಪರಸಿ ಕಲ್ಲು ಕುಸಿದು ತಗ್ಗಾಗಿತ್ತು. ಗಂಜಲ ಅಲ್ಲೇ ನಿಂತು, ಮೇಲೆ ಹುಲ್ಲು ಒಣಗಿದಂತೆ ಕಾಣ್ತಿತ್ತು. ಗೌರಿ ಮಲಗಿದರೆ ಅವಳ ಕೆಚ್ಚಲು ಸರಿಯಾಗಿ ಆ ತಗ್ಗಿಗೇ ಬರ್ತಿತ್ತು.

ನಮ್ಮದು ಜಮಖಂಡಿ ತಾಲೂಕು, ಕೃಷ್ಣಾ ದಂಡೆ. 2019ರ ಆಗಸ್ಟ್‌ನಲ್ಲಿ ಹೊಳೆ ಬಂದು ಹಳೆ ಕೊಟ್ಟಿಗೆ ಬಿತ್ತು. ಹೊಸದು ಕಟ್ಟುವಾಗ ಗೌಂಡಿಗೆ "ಸಪಾಟ ಹಾಕಪ್ಪಾ" ಅಂದವಳು ನಾನೇ. ಕೊಟ್ಟಿಗೆ ನೆಲ ಸಪಾಟ ಇರಬಾರದು. ಗೋದಲಿಯಿಂದ (ಮೇವು ಹಾಕೋ ತೊಟ್ಟಿಯಿಂದ) ಹಿಂದಿನ ಗಟಾರದ ಕಡೆ 5 ಅಡಿಗೆ 1ರಿಂದ ಒಂದೂವರೆ ಇಂಚು ಇಳಿಜಾರು ಬೇಕು. ಅದಕ್ಕಿಂತ ಜಾಸ್ತಿಯಾದರೆ ಆಕಳು ಜಾರುತ್ತೆ. ನಾನು ಆ ಜಾಗದ ಕಲ್ಲುಗಳನ್ನು ಎಬ್ಬಿಸಿ, ಕೆಳಗೆ ಗರಸು (ಕಲ್ಲು ಮಿಶ್ರಿತ ಗಟ್ಟಿ ಮಣ್ಣು) ತುಂಬಿ ಬಡಿಸಿ, ಮತ್ತೆ ಕೂರಿಸಿದೆ. ನಿಮ್ಮ ಕೊಟ್ಟಿಗೆ ನೋಡಬೇಕಾ? ಒಂದು ತಂಬಿಗೆ ನೀರು ಸುರುವಿ ಸುಮ್ನೆ ನಿಂತು ನೋಡಿ. ಎಲ್ಲಿ ನಿಲ್ಲುತ್ತೋ ಅದೇ ನಿಮ್ಮ ರೋಗದ ಜಾಗ.

ಸೆಗಣಿಯಲ್ಲಿ ಇ. ಕೋಲಿಯಂಥ ರೋಗಾಣು ಯಾವಾಗಲೂ ಇರುತ್ತೆ. ಒದ್ದೆ, ಬಿಸುಪು ಸಿಕ್ಕರೆ ಬೆಳೆಯುತ್ತೆ, ಮೊಲೆಯ ತೂತಿನಿಂದ ಒಳಗೆ ಹೋಗುತ್ತೆ. ಅದಕ್ಕೇ ನಿಲ್ಲುವ ಜಾಗದ ಅಳತೆಯೂ ನೋಡಬೇಕು. ಮಿಶ್ರತಳಿ ಆಕಳಿಗೆ ಸುಮಾರು ಐದೂವರೆ ಅಡಿ ಉದ್ದ, 4 ಅಡಿ ಅಗಲ. ಉದ್ದ ಜಾಸ್ತಿಯಾದರೆ ಸೆಗಣಿ ಮಲಗೋ ಜಾಗದಲ್ಲೇ ಬೀಳುತ್ತೆ. ಕಡಿಮೆಯಾದರೆ ಕೆಚ್ಚಲು ಗಟಾರದ ಮೇಲೆ ಬರುತ್ತೆ.

ಹಾಸಲಿಕ್ಕೆ ನಮ್ಮ ಕಡೆ ಕಬ್ಬಿನ ರವದಿ, ಅಂದರೆ ಒಣ ಗರಿ, ಪುಕ್ಕಟೆ ಸಿಗುತ್ತೆ. ಹಾಸಿ, ಆದರೆ ಬಿಸಿಲಿಗೆ ಒಣಗಿಸಿದ್ದನ್ನೇ ಹಾಸಿ. ಒದ್ದೆಯಾದದ್ದನ್ನು ದಿನಾ ತಿಪ್ಪೆಗೆ ಹಾಕಿ. ಹಳೇದರ ಮೇಲೆ ಹೊಸದು ಹರವೋದು ಕೆಟ್ಟ ಚಾಳಿ, ನಾನೂ ಅದನ್ನೇ ಮಾಡ್ತಿದ್ದೆ. ಒಣ ಮರಳು ಎಲ್ಲಕ್ಕಿಂತ ಒಳ್ಳೇದು, ಅದರಲ್ಲಿ ರೋಗಾಣುವಿಗೆ ತಿನ್ನಲು ಏನೂ ಇಲ್ಲ. ಆದರೆ ಮರಳಿನ ರೇಟು ನಿಮಗೇ ಗೊತ್ತು. ರಬ್ಬರ್ ಮ್ಯಾಟ್ ಇದ್ದವರು ವಾರಕ್ಕೊಮ್ಮೆಯಾದರೂ ಎತ್ತಿ ಕೆಳಗೆ ನೋಡಿ, ಮೂಗು ಮುಚ್ಚಿಕೊಂಡೇ ನೋಡಿ! ಮಳೆಗಾಲದಲ್ಲಿ ಹುಲ್ಲಿನ ಕೆಳಗೆ ಅರಳಿದ ಸುಣ್ಣದ ಪುಡಿ ತೆಳ್ಳಗೆ ಉದುರಿಸುತ್ತೇನೆ, ಆಕಳು ಹೊರಗಿದ್ದಾಗ. ಸುಣ್ಣ ದಪ್ಪಾದರೆ ಮೊಲೆ ಚರ್ಮ ಬಿರಿಯುತ್ತೆ. ಎರೆ ಮಣ್ಣಿನ ಅಂಗಳದಲ್ಲಿ ಮಳೆ ಬಿದ್ದ ದಿನ ಕಟ್ಟಲೇಬೇಡಿ.

ಇನ್ನು ಹಿಂಡುವ ಹೊತ್ತು. ಹಿಂಡೋಕೆ ಮುಂಚೆ ಇಡೀ ಕೊಟ್ಟಿಗೆಗೆ ಪೈಪ್ ಹಿಡಿದು ತೊಳೆಯೋರು ಬಹಳ. ಸೆಗಣಿ ಎತ್ತಿ ಬಿಡಿ ಸಾಕು, ತೊಳೆಯೋದು ಆಮೇಲೆ, ಆಕಳು ಹೊರಗೆ ಹೋದಾಗ. ಕೆಚ್ಚಲಿನ ಮೇಲಿಂದ ನೀರು ಸುರಿದರೆ ಎಲ್ಲ ಕೊಳೆ ಇಳಿದು ಮೊಲೆ ತುದಿಗೇ ಬಂದು ನಿಲ್ಲುತ್ತೆ. ಮೊಲೆಗಳನ್ನಷ್ಟೇ ತೊಳೆದು, ಒಣ ಬಟ್ಟೆಯಿಂದ ಒರೆಸಿ. ಒಂದು ಆಕಳಿಗೆ ಒಂದು ಬಟ್ಟೆ. ಹಳೆ ಧೋತ್ರ ಹರಿದು ನಾಲ್ಕು ತುಂಡು ಮಾಡಿಟ್ಟಿದ್ದೇನೆ, ದಿನಾ ಕುದಿಸಿ ಒಣಗಿಸುತ್ತೇನೆ. ಬಾವು ಇರೋ ಆಕಳನ್ನು ಕಡೆಗೆ ಹಿಂಡಿ. ಅದರ ಹಾಲನ್ನು ನೆಲಕ್ಕೆ ಚೆಲ್ಲಬೇಡಿ, ಕರುವಿಗೂ ಕುಡಿಸಬೇಡಿ.

ಹಿಂಡಿದ ಮೇಲೆ ಮೊಲೆ ತೂತು ಮುಚ್ಚಲು ಅರ್ಧದಿಂದ ಒಂದು ಗಂಟೆ ಬೇಕು. ಆ ಹೊತ್ತಿನಲ್ಲಿ ಆಕಳು ಮಲಗಬಾರದು. ಅಯೋಡಿನ್ ದ್ರಾವಣದಲ್ಲಿ ಮೊಲೆ ಅದ್ದಿದ ಕೂಡಲೇ ಗೋದಲಿಗೆ ಹಸಿ ಮೇವು ಹಾಕುತ್ತೇನೆ. ಮೊದಲೆಲ್ಲ ತಿನ್ನೋ ಹಿಂಡಿ, ಮೇವು ಎರಡನ್ನೂ ಹಾಲು ಹಿಂಡುವಾಗಲೇ ಕೊಡ್ತಿದ್ದೆ. ತಿಂದು ಮುಗಿಸಿ ಧೊಪ್ ಅಂತ ಮಲಗಿಬಿಡ್ತಿದ್ದವು. ಈಗ ತಿನ್ನೋ ಹಿಂಡಿ ಹಾಲು ಹಿಂಡೋಕೆ ಮುಂಚೆ, ಮೇವು ಹಾಲು ಹಿಂಡಿದ ಮೇಲೆ. ಕಾಸು ಖರ್ಚಿಲ್ಲದ ಕೆಲಸ ಇದು.

ಹೊರಗೆ ಏನೂ ಕಾಣದೆ ಒಳಗೊಳಗೇ ಇರೋ ಬಾವು ಪತ್ತೆ ಮಾಡಲು ತಿಂಗಳಿಗೊಮ್ಮೆ ಹೀಗೆ ಮಾಡುತ್ತೇನೆ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಸೋಪಿನ ಪುಡಿ. ನಾಲ್ಕು ಬಟ್ಟಲಲ್ಲಿ ನಾಲ್ಕು ಮೊಲೆಯ ಹಾಲು ಬೇರೆ ಬೇರೆ ಹಿಡಿದು, ಹಾಲಿನಷ್ಟೇ ಸೋಪಿನ ನೀರು ಬೆರೆಸಿ ಮೆಲ್ಲಗೆ ತಿರುಗಿಸಿ. ಹಾಲು ನೀರಿನಂತೆ ಹರಿದರೆ ಚಿಂತೆ ಇಲ್ಲ. ಅಂಬಲಿಯಂತೆ ಗಟ್ಟಿಯಾಗಿ ಲೋಳೆ ಬಂದರೆ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ. ಅವರು ಹೇಳಿದಷ್ಟು ದಿನ ಇಂಜೆಕ್ಷನ್ ಪೂರ್ತಿ ಮಾಡಿಸಿ. ಬಾವು ಇಳೀತು ಅಂತ ಎರಡನೇ ದಿನಕ್ಕೆ ನಿಲ್ಲಿಸಬೇಡಿ. ಎಷ್ಟು ದಿನ ಡೈರಿಗೆ ಹಾಲು ಹಾಕಬಾರದು ಅನ್ನೋದನ್ನೂ ಅವರನ್ನೇ ಕೇಳಿಕೊಳ್ಳಿ.