ಹೋರ್ಡಿಂಗ್ ಹೋದ ಮೇಲೆ ಒಂದು ರಸ್ತೆಗೆ ಗೆರೆ ಹಾಕಿದ್ದು

"ಆಗೋ ಕೆಲಸ ಅಲ್ಲ, ಬಿಡಿ ಅಣ್ಣ" ಅಂತ ಬೋರ್ಡು, ಹೋರ್ಡಿಂಗ್ ಕಟ್ಟುವ ನಮ್ಮ ಲೈನಿನವರೇ ನಾಲ್ಕು ಜನ ನನ್ನ ಮುಖಕ್ಕೇ ಹೇಳಿದ್ದರು. ಒಂದು ಮೇನ್ ರೋಡಿನ ಅಂಗಡಿ ಬೋರ್ಡುಗಳನ್ನೆಲ್ಲ ಒಂದೇ ಎತ್ತರಕ್ಕೆ, ಒಂದೇ ಗೆರೆಗೆ ತರಬೇಕು. ನೋಟಿಸ್ ಇಲ್ಲ, ಜೆಸಿಬಿ ಇಲ್ಲ, ಅಂಗಡಿಯವರೇ ಒಪ್ಪಿ ಸ್ವಂತ ದುಡ್ಡು ಹಾಕಬೇಕು. ನಕ್ಕರು. ಈಗ 43 ಅಂಗಡಿಗಳಲ್ಲಿ 34 ಗೆರೆಯೊಳಗೆ ಬಂದಿವೆ. ನಕ್ಕವರಲ್ಲಿ ಇಬ್ಬರು ಹೋದ ತಿಂಗಳು ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲವನ್ನೂ ಅವರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ರಸ್ತೆ ಬೆಂಗಳೂರು ದಕ್ಷಿಣದ್ದು. ಹೆಸರು ಬೇಡ, ಇನ್ನೂ ಒಂಬತ್ತು ಅಂಗಡಿ ಬಾಕಿ ಇವೆ, ಸುಮ್ನೆ ಜಗಳ.

2018ರ ಆಗಸ್ಟ್‌ವರೆಗೆ ನನ್ನದು ಹೋರ್ಡಿಂಗ್ ವ್ಯಾಪಾರ. 14 ಫ್ರೇಮ್ ಇದ್ದವು. ಹೆಚ್ಚಿನವು 20ಕ್ಕೆ 10 ಅಡಿ, ಮೂರು ಮಾತ್ರ 40ಕ್ಕೆ 20. ಅದರಲ್ಲಿ ಎಷ್ಟಕ್ಕೆ ಪಕ್ಕಾ ಕಾಗದ ಇತ್ತು ಅಂತ ಕೇಳಬೇಡಿ, ನಿಮ್ಮದೂ ಕೇಳುವುದಿಲ್ಲ. ಕಂಡಕಂಡಲ್ಲಿ ಬೋರ್ಡು, ಪೋಸ್ಟರು ಹಾಕಿ ಊರಿನ ಅಂದ ಕೆಡಿಸಬಾರದು ಅನ್ನುವ 1981ರ ವಿರೂಪ ತಡೆ ಕಾಯ್ದೆ ಇತ್ತು, 2016ರಲ್ಲಿ ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ಸರ್ಕಾರ ನಿಷೇಧಿಸಿತ್ತು. ಆದರೂ ಪ್ರಿಂಟಿಂಗ್ ಮೆಷಿನ್ ರಾತ್ರಿಯೆಲ್ಲ ಓಡುತ್ತಲೇ ಇತ್ತು. ಆಮೇಲೆ ಹೈಕೋರ್ಟ್ ಗದರಿತು. ಒಂದೇ ವಾರದಲ್ಲಿ ಊರಿನ ಫ್ಲೆಕ್ಸ್ ಎಲ್ಲ ಲಾರಿ ಹತ್ತಿತು, ಪಾಲಿಕೆ ಹೊರಾಂಗಣ ಜಾಹೀರಾತನ್ನೇ ನಿಲ್ಲಿಸಿತು. ನಾನು ಹಾಕಿದ್ದು ಸುಮಾರು 22 ಲಕ್ಷ. ಗುಜರಿಗೆ ಕೊಟ್ಟಾಗ ಕಬ್ಬಿಣ ಕೆಜಿಗೆ 26 ರೂಪಾಯಿಯೋ ಏನೋ. ಗ್ಯಾಸ್ ಕಟಿಂಗ್ ಕೂಲಿ, ಕ್ರೇನು ಎಲ್ಲ ಕಳೆದು ಕೈಗೆ ಬಂದದ್ದು ಎರಡೂವರೆ ಲಕ್ಷ. ಮನೆಯಲ್ಲಿ ಎರಡು ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಕೈ ಹಾಕಿದ್ದೆಲ್ಲ ಸುಟ್ಟಿತು. ಆಟೋ ಹಿಂದೆ ಜಾಹೀರಾತು ಅಂಟಿಸುವ ಕೆಲಸದಲ್ಲಿ 80 ಸಾವಿರ ಹೋಯಿತು. 100 ಆಟೋಗೆ ದುಡ್ಡು ಕೊಟ್ಟರೆ ಮೂರನೇ ವಾರ 40 ಆಟೋದಲ್ಲಿ ಬೇರೆಯವರ ಸ್ಟಿಕರ್. ಬಟ್ಟೆ ಬ್ಯಾನರ್ ಮತ್ತೆ ಬರುತ್ತದೆ ಅಂದುಕೊಂಡು ಕೋರಾ ಬಟ್ಟೆ ಥಾನುಗಟ್ಟಲೆ ತಂದೆ. ಫ್ಲೆಕ್ಸ್ ಚದರ ಅಡಿಗೆ ಹತ್ತು ರೂಪಾಯಿ ಇದ್ದ ಕಾಲ. ಬಟ್ಟೆಗೆ ಬರೆಸಿ ಕಟ್ಟಿಸಿದರೆ 35 ಬೀಳುತ್ತಿತ್ತು. ಬಣ್ಣ ಹೀರದಿರಲಿ ಅಂತ ಮೈದಾ ಗಂಜಿ ಹಾಕಿ ನೋಡಿದೆ. ಮೊದಲ ಬ್ಯಾನರು ಚೆನ್ನಾಗಿ ಬಂತು, ಗೇಟಿಗೆ ಕಟ್ಟಿ ಬಂದೆವು. ಬೆಳಗ್ಗೆ ನೋಡಿದರೆ ಹಸು ಬಲಗಡೆಯ ಅರ್ಧ ತಿಂದಿತ್ತು. "ಶುಭಾರಂಭ" ಅನ್ನುವುದರಲ್ಲಿ "ಶುಭಾ" ಮಾತ್ರ ಉಳಿದಿತ್ತು. ಆ ಬಟ್ಟೆಯೇ ಮುಂದೆ ಕೆಲಸಕ್ಕೆ ಬಂತು, ಹೇಳುತ್ತೇನೆ.

2023ರ ಡಿಸೆಂಬರ್ ಕೊನೆಯಲ್ಲಿ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಅನ್ನುವ ಹೋರಾಟ ಜೋರಾಯಿತಲ್ಲ, ಆಗ ನಮ್ಮಂಥವರಿಗೆ ಉಸಿರು ಬಂತು. ಮುಂದಿನ ವರ್ಷ ಕನ್ನಡ ಭಾಷಾ ಕಾಯ್ದೆಗೇ ತಿದ್ದುಪಡಿ ಆಯಿತು. ಎರಡು ತಿಂಗಳು ನಿದ್ದೆ ಇಲ್ಲ. ಆದರೆ ಆ ಅವಸರದಲ್ಲಿ ಒಂದು ಕೆಟ್ಟ ಚಾಳಿ ಶುರುವಾಯಿತು. ಕನ್ನಡ ಮೇಲೆ ಇರಬೇಕು ಅಂದರೆ ಇಂಗ್ಲಿಷ್ ಚಿಕ್ಕದು ಮಾಡಬಹುದಿತ್ತು. ಮಾಡಲಿಲ್ಲ. ಇಂಗ್ಲಿಷ್ ಹಾಗೇ ಬಿಟ್ಟು ಅದರ ಮೇಲೆ ಇನ್ನೊಂದು ಬೋರ್ಡು ಏರಿಸಿದರು. ಮೂರು ಅಡಿಯದು ಐದಾಯಿತು, ಪಕ್ಕದವರದು ಆರು. ಒಬ್ಬ ಬಟ್ಟೆ ಅಂಗಡಿಯವರು ಏಳಡಿ ಏರಿಸಿ ಮೊದಲ ಮಹಡಿಯ ಟ್ಯೂಷನ್ ಮೇಡಂ ಕಿಟಕಿಯನ್ನೇ ಮುಚ್ಚಿಬಿಟ್ಟರು. ಸತ್ಯ ಹೇಳಬೇಕೆಂದರೆ ಆ ಬೋರ್ಡು ಕಟ್ಟಿದ್ದೂ ನಾನೇ.

ಇಷ್ಟರಲ್ಲಿ ಹೋರ್ಡಿಂಗಿಗೆ ಮತ್ತೆ ಅವಕಾಶ ಕೊಡುತ್ತಾರಂತೆ, ರಸ್ತೆ ಅಗಲ ನೋಡಿ ಜಾಗ ಗುರುತು ಮಾಡುತ್ತಾರಂತೆ ಅನ್ನುವ ಸುದ್ದಿ ಬಂತು. ನಮ್ಮ ಬಡಾವಣೆಯ ನಿವಾಸಿಗಳ ಸಂಘದವರು ಭಾನುವಾರ ಶಾಲೆಯ ಹಾಲಿನಲ್ಲಿ ಸಭೆ ಕರೆದರು. ಒಂದು ಕಡೆ ನಿವಾಸಿಗಳು, ಒಂದೂ ಬೇಡ, ಎಲ್ಲ ಕಿತ್ತು ಹಾಕಿ ಅಂತ. ಇನ್ನೊಂದು ಕಡೆ ಕಟ್ಟಡದ ಮಾಲೀಕರು, ಟೆರೇಸ್ ಮೇಲಿಂದ ತಿಂಗಳಿಗೆ 20 ಸಾವಿರ ಬರುತ್ತಿತ್ತು, ಯಾರು ಕೊಡುತ್ತೀರಿ ಅಂತ. ಅಂಗಡಿಯವರು ನಡುವೆ. ನಾನು ಎದ್ದು ನಿಂತೆ. "ಕುರಿ ಕಾಯೋಕೆ ತೋಳನ್ನ ಕರೆದ ಹಾಗಾಯ್ತು" ಅಂತ ರಿಟೈರ್ಡ್ ಮೇಡಂ ಒಬ್ಬರು ಅಂದರು. ಹಾಲೆಲ್ಲ ನಗು. ನಾನೂ ನಕ್ಕೆ, ಏನು ಮಾಡಲಿ.

ಆದರೆ ತೋಳಕ್ಕೆ ದಾರಿ ಗೊತ್ತಿರುತ್ತದೆ ಅಲ್ವಾ. ಒಂದೇ ಪ್ರಶ್ನೆ ಕೇಳಿದೆ: ರಸ್ತೆ ಅಗಲ ಅಂತೀರಲ್ಲ, ಟೇಪು ಎಲ್ಲಿ ಹಿಡಿಯುತ್ತೀರಿ? ನಮ್ಮ ರಸ್ತೆಯನ್ನು ಎಲ್ಲರೂ 50 ಅಡಿ ಅಂತಲೇ ಕರೆಯುತ್ತಾರೆ. ಹಿಂದಿನ ರಾತ್ರಿ ನನ್ನ ಹುಡುಗನ ಜೊತೆ ಅಳೆದಿದ್ದೆ. ಬಸ್ ನಿಲ್ಲುವ ಸರ್ಕಲ್ ಹತ್ತಿರ 62 ಅಡಿ, ದೇವಸ್ಥಾನದ ಮುಂದೆ 41. ಜಾಹೀರಾತು ಏಜೆನ್ಸಿಯವರು ಅಗಲ ಜಾಸ್ತಿ ತೋರಿಸೋಕೆ ಸರ್ಕಲ್ ಹತ್ತಿರವೇ ಟೇಪು ಹಿಡಿಯುತ್ತಾರೆ, ನಾನೂ ಹಾಗೇ ಹಿಡಿದವನು. ಆದ್ದರಿಂದ ಇಡೀ ರಸ್ತೆಗೆ ಒಂದು ಕಾನೂನು ಬೇಡ, ತುಂಡು ತುಂಡಾಗಿ ಮಾಡೋಣ, ಪ್ರತಿ ತುಂಡನ್ನೂ ಅದರ ಇಕ್ಕಟ್ಟಿನ ಜಾಗದಲ್ಲೇ ಅಳೆಯೋಣ ಅಂದೆ. ಮೇಡಂ ನಗುವುದು ನಿಲ್ಲಿಸಿ ನೋಟ್‌ಬುಕ್ ತೆಗೆದರು.

ಹೋರ್ಡಿಂಗ್ ಬಗ್ಗೆ ವಾದ ಮುಗಿದದ್ದು ಘಾಟ್ಕೋಪರ್ ಹೆಸರು ಬಂದಾಗ. 2024ರ ಮೇ 13, ಮುಂಬೈ, ಪೆಟ್ರೋಲ್ ಬಂಕ್ ಮೇಲೆ ಬಿತ್ತು, 17 ಜನ ಹೋದರು. ಅದು 120ಕ್ಕೆ 120 ಅಡಿ, ಮುಂಬೈ ಪಾಲಿಕೆ ಬಿಡುತ್ತಿದ್ದದ್ದು ಹೆಚ್ಚೆಂದರೆ 40ಕ್ಕೆ 40. ಕಟ್ಟಡದ ಮಾಲೀಕರೊಬ್ಬರು "ನಮ್ಮದು ಅಷ್ಟು ದೊಡ್ಡದಲ್ಲ ಬಿಡಿ" ಅಂದರು. ನಾನು ನನ್ನದೇ ಕಥೆ ಹೇಳಿದೆ. ಒಂದು ಮೇ ತಿಂಗಳ ಮಳೆಯಲ್ಲಿ ನನ್ನ 40ಕ್ಕೆ 20ರ ಫ್ರೇಮ್ ಹಿಂದೆ ಟೆರೇಸ್ ಮೇಲೆ ನಿಂತಿದ್ದೆ. ಗಾಳಿ ಹೋಗಲಿ ಅಂತ ಫ್ಲೆಕ್ಸಿನಲ್ಲಿ ಅರ್ಧಚಂದ್ರ ಕಟ್ ಮಾಡಿರುತ್ತೇವಲ್ಲ, ಅವು ಏನೂ ಕೆಲಸಕ್ಕೆ ಬರಲಿಲ್ಲ. ಬೇಸ್ ಪ್ಲೇಟಿನ ಬೋಲ್ಟು ಕಾಂಕ್ರೀಟಿನಿಂದ ಒಂದು ಬೆರಳಷ್ಟು ಮೇಲೆ ಎದ್ದು ಮತ್ತೆ ಕೂತಿತು. ಎದ್ದು, ಕೂತಿತು. ನಾನು ಚಾಕು ತೆಗೆದು ಫ್ಲೆಕ್ಸನ್ನು ಅಡ್ಡಡ್ಡ ಸೀಳಿ ಹಾಕಿದೆ. ಆ ತಿಂಗಳ ಬಾಡಿಗೆ ಹೋಯಿತು, ಹೋಗಲಿ. ಇದನ್ನು ಅಲ್ಲಿಯವರೆಗೆ ಮನೆಯಲ್ಲೂ ಹೇಳಿರಲಿಲ್ಲ. ಮಾಲೀಕರು ಸುಮ್ಮನೆ ಕೂತರು.

ಕೊನೆಗೆ ಮೂರು ತುಂಡು ಆಯಿತು. ಶಾಲೆಯಿಂದ ದೇವಸ್ಥಾನದವರೆಗೆ ಕೈಬರಹದ ಬೋರ್ಡು ಮಾತ್ರ, ಲೈಟು ಬೇಡ. ನಡುವಿನ ಅಂಗಡಿ ಸಾಲಿಗೆ ಲೈಟು ಇರಬಹುದು, ಮಿಣುಕುವುದು ಬೇಡ. ಹೋರ್ಡಿಂಗ್ ಬಂದರೆ ಸರ್ಕಲ್ ತುಂಡಿನಲ್ಲಿ ಮಾತ್ರ, ಅದೂ ಸಿಗ್ನಲ್ಲಿಗೆ ಅಡ್ಡ ಬರದೆ. ಸಂಘದವರು ನಕ್ಷೆ ಸಮೇತ ಪಾಲಿಕೆಗೆ ಕೊಟ್ಟರು. ಸ್ವೀಕೃತಿ ಸೀಲು ಬಿತ್ತು. ಬಿಬಿಎಂಪಿ ಹೋಗಿ ಐದು ಪಾಲಿಕೆ ಆದ ಮೇಲೆ ಆ ಕಾಗದ ಯಾವ ಟೇಬಲ್ಲಿನಲ್ಲಿದೆಯೋ ದೇವರಿಗೇ ಗೊತ್ತು. ನಾನು ಅದಕ್ಕೆ ಕಾಯಲಿಲ್ಲ. ಅಂಗಡಿ ಬೋರ್ಡಿನ ಗೆರೆಗೆ ಅಂಗಡಿಯವರು ಒಪ್ಪಿದರೆ ಸಾಕಲ್ಲ.

ಗೆರೆ ಇಷ್ಟೇ: ತಳ ನೆಲದಿಂದ 9 ಅಡಿ, ತುದಿ 12 ಅಡಿ. ಅಗಲ ಷಟರಿನಷ್ಟೇ. ಮುಂದಕ್ಕೆ ಆರು ಇಂಚಿಗಿಂತ ಜಾಸ್ತಿ ಚಾಚಬಾರದು. ಕಂಪನಿ ಹೆಸರು ಇದ್ದರೆ ಬೋರ್ಡಿನ ಕಾಲು ಭಾಗ ಮೀರಬಾರದು.

ಮೊದಲ ಎರಡು ತಿಂಗಳು ಒಂದು ಅಂಗಡಿಯೂ ಒಪ್ಪಲಿಲ್ಲ. ನಿಯಮ ಪ್ರಿಂಟ್ ಮಾಡಿಸಿ ಹಂಚಿದೆ, ಬೇಕರಿಯವರು ಅದರಲ್ಲೇ ಖಾರಾ ಬನ್ ಕಟ್ಟಿ ಕೊಟ್ಟರು. ಸಂಘದ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋದೆ, ಇನ್ನೂ ಕೆಟ್ಟಿತು. "ನೋಟಿಸ್ ತಂದಿದೀರೇನ್ರೀ?" ಅಂತ ಹಾರ್ಡ್‌ವೇರ್ ಅಂಗಡಿಯವರು ಕುರ್ಚಿಯಿಂದ ಎದ್ದುಬಿಟ್ಟರು. ಮೊದಲ ಐವರಿಗೆ ಡಿಸ್ಕೌಂಟ್ ಅಂದೆ, ಎಲ್ಲರೂ ತಾವೇ ಮೊದಲ ಐವರು ಅಂದರು. ಬೇಸ್ತು ಬಿದ್ದೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ಪುಕ್ಕಟೆ ಬೋರ್ಡು. ಪೇಂಟ್ ಕಂಪನಿಯೋ, ಸಿಮ್ ಕಂಪನಿಯೋ, ತಂಪು ಪಾನೀಯದವರೋ ಬಿಟ್ಟಿ ಹಾಕಿಕೊಟ್ಟಿರುತ್ತಾರೆ. ಮುಕ್ಕಾಲು ಭಾಗ ಅವರ ಹೆಸರು, ಮೂಲೆಯಲ್ಲಿ ಅಂಗಡಿ ಹೆಸರು. ಲೆಕ್ಕಕ್ಕೆ ಅಂಗಡಿ ಬೋರ್ಡು, ನಿಜಕ್ಕೆ ಜಾಹೀರಾತು. ಬಿಟ್ಟಿ ಸಿಗುವಾಗ 4 ಸಾವಿರ ಯಾಕೆ ಕೊಡಬೇಕು ಅಂತ ಕೇಳುತ್ತಾರೆ. ನ್ಯಾಯವೇ.

ಆಗ ನೆನಪಾದದ್ದು ಗೋಡೌನಿನ ಮೂಲೆಯಲ್ಲಿದ್ದ ಕೋರಾ ಬಟ್ಟೆ. ನಮ್ಮ ಪೇಂಟರ್ ಯಜಮಾನರಿಗೆ ಎಪ್ಪತ್ತು ದಾಟಿದೆ. ಫ್ಲೆಕ್ಸ್ ಬಂದ ಮೇಲೆ ಕುಂಚ ಬಿಟ್ಟು ಮನೆಯಲ್ಲಿದ್ದರು. ಅವರ ಕೈಯಲ್ಲಿ ಮೂರಡಿ ಬಟ್ಟೆ ಮೇಲೆ ಕಿರಾಣಿ ಅಂಗಡಿಯ ಹೆಸರು ನಿಜವಾದ ಅಳತೆಯಲ್ಲಿ ಬರೆಸಿದೆ. ಇಬ್ಬರು ಹುಡುಗರು ಬಿದಿರು ಗಳಕ್ಕೆ ಕಟ್ಟಿ ಹಳೆ ಬೋರ್ಡಿನ ಮೇಲೆ ಹಿಡಿದರು. ಮಾಲೀಕರನ್ನು ಎದುರಿನ ಎಳನೀರು ಗಾಡಿ ಹತ್ತಿರ ನಿಲ್ಲಿಸಿ ಒಂದು ಎಳನೀರು ಕೊಡಿಸಿದೆ. ಅವರು ಇಪ್ಪತ್ತು ವರ್ಷ ಗಲ್ಲಾದಲ್ಲೇ ಕೂತವರು, ರಸ್ತೆ ದಾಟಿ ತಮ್ಮ ಬೋರ್ಡನ್ನು ನೋಡಿದ್ದೇ ಇಲ್ಲ. ಹಳೆಯದರಲ್ಲಿ ಹೆಸರು, ಮೂರು ಫೋನ್ ನಂಬರು, ಬೇಳೆ ಪ್ಯಾಕೆಟ್ಟು, ಮಗನ ಫೋಟೊ ಎಲ್ಲ ಇತ್ತು. ಬಟ್ಟೆಯಲ್ಲಿ ಹೆಸರು ಮಾತ್ರ. ಸ್ಟ್ರಾ ಬಾಯಲ್ಲೇ ಇಟ್ಟುಕೊಂಡು "ಇದು ಓದೋಕೆ ಆಗ್ತಿದೆ ಕಣ್ರೀ" ಅಂದರು. ಅಡ್ವಾನ್ಸ್ ಅಲ್ಲೇ ಬಂತು.

ಆಮೇಲೆ ಪ್ರತಿ ಅಂಗಡಿಗೂ ಬಟ್ಟೆ ಹಿಡಿಯುವುದೇ ಕೆಲಸ. ಒಂದಕ್ಕೆ 200 ರೂಪಾಯಿ ಖರ್ಚು. ಹೊತ್ತು ಮುಖ್ಯ, ಸಂಜೆ ಒಂದು ನಿರ್ದಿಷ್ಟ ಹೊತ್ತಿಗೇ ಹಿಡಿಯಬೇಕು. ಯಾಕೆ ಅಂತ ನಿಮಗೇ ಬಿಟ್ಟೆ. ಯಾವ ಅಂಗಡಿಯಿಂದ ಶುರು ಮಾಡಬೇಕು ಅನ್ನುವುದೂ ನನ್ನ ಹತ್ತಿರವೇ ಇರಲಿ, ದೊಡ್ಡ ಅಂಗಡಿ ಅಲ್ಲ ಅಂತ ಮಾತ್ರ ಹೇಳಬಲ್ಲೆ.

ಅಕ್ಷರದ ಕಥೆಯೇ ಬೇರೆ. ಒಂದು ಇಂಚಿಗೆ ಹತ್ತು ಅಡಿ ದೂರದ ಲೆಕ್ಕ ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ ಒತ್ತಕ್ಷರ ಬಂತೋ, ಎತ್ತರ ತಿಂದು ಹಾಕುತ್ತದೆ. "ಶ್ರೀ ಲಕ್ಷ್ಮೀ ಸ್ಟೋರ್ಸ್" ಬರೆದು ನೋಡಿ. ಕ್ಷ ಕೆಳಗೆ ಮ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಕಂಪ್ಯೂಟರ್ ಫಾಂಟಿನಲ್ಲಿ ಇಟ್ಟರೆ ಮೂರಡಿ ಬೋರ್ಡಿನಲ್ಲಿ ಮೂಲ ಅಕ್ಷರಕ್ಕೆ ಒಂದಡಿಯೂ ಸಿಗುವುದಿಲ್ಲ. ಯಜಮಾನರು ಒತ್ತನ್ನು ಪಕ್ಕಕ್ಕೆ ಎಳೆದು, ಮುಂದಿನ ಅಕ್ಷರದ ಹೊಟ್ಟೆ ಕೆಳಗೆ ಕೂರಿಸುತ್ತಾರೆ. ಹದಿನಾರು ಇಂಚು ಸಿಗುತ್ತದೆ. ಅದನ್ನು ಟ್ರೇಸ್ ಮಾಡಿ ಎಸಿಪಿ (ಅಲ್ಯೂಮಿನಿಯಂ ಹಾಳೆಯ ಪ್ಯಾನೆಲ್) ಬೋರ್ಡಿಗೂ ಅದೇ ಅಕ್ಷರ ಕಟ್ ಮಾಡಿಸಿದೆ. ಆ ಫೈಲು ಯಾರಿಗೂ ಕೊಡುವುದಿಲ್ಲ.

ಲೆಕ್ಕ ಹೇಳುತ್ತೇನೆ, ನೆನಪಿನಿಂದ. ಜಿಐ ಶೀಟಿನ (ಸತು ಲೇಪಿಸಿದ ತಗಡು) ಕೈಬರಹದ ಬೋರ್ಡು 19. ಮೂರಕ್ಕೆ ಹತ್ತು ಅಡಿಯದಕ್ಕೆ 4,200 ತಗೊಂಡೆ. ಯಜಮಾನರಿಗೆ 1,350, ಶೀಟು ಫ್ರೇಮು 1,650, ಫಿಟಿಂಗ್ 400, ಉಳಿದದ್ದು 800. ಎಸಿಪಿ, ಎಲ್‌ಇಡಿ ಅಕ್ಷರದ್ದು 11, ಒಂದೊಂದು 12,600, ಅದರಲ್ಲಿ ಮೂರು ಸಾವಿರ ಚಿಲ್ಲರೆ ಉಳಿಯಿತು. ನಾಲ್ವರು ಹಳೆ ಬೋರ್ಡನ್ನೇ ಕತ್ತರಿಸಿ ಇಳಿಸಿಕೊಂಡರು. ಐದು ತಿಂಗಳಿಗೆ ಒಟ್ಟು ಐವತ್ತು ಸಾವಿರದ ಆಸುಪಾಸು. ಹಿಂದೆ ಸರ್ಕಲ್ಲಿನ ಒಂದು ಹೋರ್ಡಿಂಗ್ ಒಂದೇ ತಿಂಗಳಲ್ಲಿ ಇಷ್ಟು ಕೊಡುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ದುಡ್ಡಿನಲ್ಲಿ ಮಾಮೂಲು ಎಷ್ಟು ಹೋಗುತ್ತಿತ್ತು ಅಂತ ನಿಮಗೂ ಗೊತ್ತು. ಈಗ ಆ ಕಾಲಂ ಖಾಲಿ.

ನಡುವೆ ಸೋಲಾರ್ ಲೈಟಿನ ಹುಚ್ಚು ಹತ್ತಿ ಎರಡು ಬೋರ್ಡಿಗೆ ಹಾಕಿದ್ದೆ. ಪ್ಯಾನೆಲ್ಲಿನ ಮೇಲೆ ಹೊಂಗೆ ಮರದ ನೆರಳು, ಏಳೂವರೆಗೆ ಲೈಟು ಆರುತ್ತಿತ್ತು. 7 ಸಾವಿರ ನೀರಿಗೆ ಹೋಯಿತು. ಜೂನ್ ಮಳೆಗೆ ಮೊದಲ ಮೂರು ಬೋರ್ಡಿನ ಕೆಂಪು ಬಣ್ಣ ಸಿಪ್ಪೆ ಎದ್ದಿತು, ಜಿಐ ಶೀಟಿಗೆ ಸಾದಾ ಪ್ರೈಮರ್ ಹೊಡೆದ ತಪ್ಪು. ಬಿಟ್ಟಿ ಮತ್ತೆ ಬರೆಸಿಕೊಟ್ಟೆ. ಯಜಮಾನರು ಆ ಮೂರಕ್ಕೆ ಕೂಲಿ ತಗೊಳ್ಳಲಿಲ್ಲ.

ಒಪ್ಪದ ಒಂಬತ್ತರಲ್ಲಿ ಒಂದು ಬಾರು, ಎರಡು ಮೊಬೈಲ್ ಶೋರೂಮು, ಒಂದು ಔಷಧಿ ಅಂಗಡಿ. ಔಷಧಿಯವರ ಹಸಿರು ಪ್ಲಸ್ ರಾತ್ರಿ ದೂರಕ್ಕೆ ಕಾಣಲೇಬೇಕು, ಅವರನ್ನು ನಾನೇ ಒತ್ತಾಯ ಮಾಡಲಿಲ್ಲ. ಮೊಬೈಲಿನವರು ಕಂಪನಿ ಕೇಳಬೇಕು ಅಂತಾರೆ. ಏಳಡಿ ಬಟ್ಟೆ ಅಂಗಡಿಯವರು ಹೋದ ವಾರ ಒಪ್ಪಿದರು, ಈ ಬುಧವಾರ ಇಳಿಸುತ್ತೇವೆ. ಅದು ಇಳಿದರೆ 35. ಟ್ಯೂಷನ್ ಮೇಡಂ ಬೆಳಗ್ಗೆಯಿಂದ ಎರಡು ಸಲ ಫೋನ್ ಮಾಡಿದ್ದಾರೆ, ಏಣಿ ಎಷ್ಟು ಗಂಟೆಗೆ ಬರುತ್ತದೆ ಅಂತ.