ನಡೀತಾ ನಡೀತಾ ಚಿಲ್ಲರೆ ಲೆಕ್ಕ: ಸ್ಟ್ರೋಕ್ ಪೇಷೆಂಟ್ ಜೊತೆ ನನ್ನ ಅನುಭವ

"ಪೇಷೆಂಟಿಗೆ ನೆಟ್ಟಗೆ ನಡಿಯೋಕೇ ಬರಲ್ಲ, ಮೇಲೆ ಲೆಕ್ಕ ಬೇರೆ ಕೇಳ್ತೀಯಾ, ಬೀಳಿಸ್ತೀಯ ನೋಡು" ಅಂತ ಸೀನಿಯರ್ ಫಿಸಿಯೋ ಒಬ್ರು ಬೈದಿದ್ರು. ಆ ಪೇಷೆಂಟು ಈಗ ಒಬ್ರೇ ಸಂತೆಗೆ ಹೋಗಿ ತರಕಾರಿ ತರ್ತಿದಾರೆ, ಅದಕ್ಕೇ ಬರೀತಿದೀನಿ.

ರಿಟೈರ್ಡ್ ಬಸ್ ಕಂಡಕ್ಟರ್, ಹಾಸನದ ಹತ್ರ. ಎಡಭಾಗಕ್ಕೆ ಹೊಡೆದು ಆರು ತಿಂಗಳಾಗಿತ್ತು, ಬ್ಯಾಲೆನ್ಸ್ ಅಳೆಯೋ ಬರ್ಗ್ ಟೆಸ್ಟಲ್ಲಿ 56ಕ್ಕೆ 44ರ ಆಸುಪಾಸು, ಪಾದ ಜೋತು ಬೀಳದ ಹಾಗೆ ಹಿಡಿಯೋ ಪಟ್ಟಿ ಏಎಫ್‌ಓ ಹಾಕ್ಕೊಂಡು ಹಾಲ್‌ನಲ್ಲಿ ಚೆನ್ನಾಗೇ ಓಡಾಡೋರು. ಆದ್ರೆ ಹೆಂಡ್ತಿ ಒಳಗಿಂದ "ರೀ, ಮಾತ್ರೆ ತಗೊಂಡ್ರಾ" ಅಂದ್ರೆ ಸಾಕು, ಗಕ್ಕನೆ ನಿಂತು ಆಮೇಲೆ ಉತ್ತರ. ಹೀಗೆ ಮಾತಿಗೆ ನಿಲ್ಲೋ ವಯಸ್ಸಾದೋರು ಬೀಳೋದು ಜಾಸ್ತಿ ಅಂತ 1997ರಲ್ಲೇ ಸ್ವೀಡನ್ನಿನೋರು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬರೆದಿದ್ರು. ಟಿಯುಜಿ, ಅಂದ್ರೆ ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ವಾಪಸ್ ಬಂದು ಕೂರೋ ಟೈಮು, ಬರೀ ನಡಿಗೇಲಿ 22 ಸೆಕೆಂಡ್ ಏನೋ, 100ರಿಂದ ಮೂರ್ಮೂರು ಕಳೀತಾ ಮಾಡ್ಸಿದ್ರೆ 38 ದಾಟ್ತು.

ಮೊದ್ಲು ಮಗ್ಗಿ ಹೇಳಿಸ್ದೆ, ವೇಸ್ಟು, ಬಾಯಿಪಾಠ ತಲೆಗೆ ಕೆಲ್ಸಾನೇ ಕೊಡಲ್ಲ. ಆಮೇಲೆ ತುಂಬಿದ ಲೋಟ ಹಿಡಿಸ್ದೆ, ಕಣ್ಣೆಲ್ಲ ನೀರಿನ ಮೇಲೆ, ಎಡಗಾಲಿನ ತುದಿ ಚಾಪೆ ಅಂಚಿಗೆ ಸಿಕ್ಕಿ ಮುಗ್ಗರಿಸಿದ್ರು, ಅವ್ರ ಸೊಂಟದ ಬೆಲ್ಟ್ ನಾನು ಹಿಡಿದಿದ್ದಕ್ಕೆ ಬಚಾವ್. ಮಗ ಎರಡು ವಾರ ನನ್ನ ಬರ್ಬೇಡಿ ಅಂದು ಬಾಡಿಗೆ ಟ್ರೆಡ್‌ಮಿಲ್ ತರಿಸ್ದ, ತಿಂಗಳಿಗೆ ಮೂರೂವರೆ ಸಾವಿರ, ನೆಲದ ಮೇಲೆ ಬಂದ್ರೆ ಮತ್ತೆ ಅದೇ ಕಥೆ.

ದಾರಿ ಸಿಕ್ಕಿದ್ದು ಗೋಡೆಗೆ ನೇತಾಕಿದ್ದ ಅವ್ರ ಚರ್ಮದ ಬ್ಯಾಗಿಂದ. ಎರಡು ಸಾಲು ಕುರ್ಚಿ, ಮಧ್ಯೆ ದಾರಿ, ಮೊಮ್ಮಕ್ಕಳೇ ಪ್ಯಾಸೆಂಜರ್. ಫುಲ್ 48 ಅಂತ ನಾವೇ ಇಟ್ಕೊಂಡ್ವಿ. "ಎರಡು ಫುಲ್ ಒಂದು ಹಾಫ್ ಅರಸೀಕೆರೆ" ಅಂತ 200 ಕೊಟ್ರೆ ನಿಲ್ಲದೇ ಮುಂದಿನ ಕುರ್ಚಿಗೆ ಹೋಗ್ತಾ 80 ವಾಪಸ್ ಅನ್ಬೇಕು. ಮೊದಲ್ನೇ ದಿನವೇ ನೋಟು ಉದ್ದಕ್ಕೆ ಮಡಚಿ ಎಡಗೈ ಬೆರಳ ಸಂದಿಗೆ ಸಿಕ್ಕಿಸೋಕೆ ಹೋದ್ರು, ಬೆರಳು ಬಿಡಿಸ್ಕೊಳ್ಲಿಲ್ಲ, ಆದ್ರೂ ಬಿಡ್ಲಿಲ್ಲ, ಎಂಟನೇ ವಾರಕ್ಕೆ ಎರಡು ನೋಟು ನಿಂತ್ವು. ಒಂದ್ ರೌಂಡ್ ಗಮನ ಕಾಲ ಮೇಲೆ, ಇನ್ನೊಂದ್ ರೌಂಡ್ ದುಡ್ಡಿನ ಮೇಲೆ, ಇದನ್ನ ಪ್ರತಿಸಲ ಬಾಯ್ಬಿಟ್ಟು ಹೇಳಿ, ಇಲ್ಲಾಂದ್ರೆ ಲೆಕ್ಕದಲ್ಲೇ ಮುಳುಗ್ತಾರೆ. ತಿರುಗೋ ಜಾಗದಲ್ಲಿ ನಾನು ಎಲ್ಲಿ ನಿಲ್ತೀನಿ, ಯಾವಾಗ ಪ್ರಶ್ನೆ ಕೇಳ್ತೀನಿ ಅನ್ನೋದು ಮಾತ್ರ ಇಲ್ಲಿ ಬರಿಯಲ್ಲ, ಬಂದ್ ನೋಡಿ ಕಲೀಬೇಕು.

ನಡುವೆ ರೇಡಿಯೋ ವಾರ್ತೆ ಹಾಕಿ ನೋಡ್ದೆ. ಕೇಳೋದಕ್ಕೆ ಏನೂ ತೊಂದ್ರೆ ಇಲ್ಲ, ಉತ್ತರ ಕೊಡ್ಬೇಕು ಅಂದಾಗ್ಲೇ ಹೆಜ್ಜೆ ಗಿಡ್ಡ ಆಗೋದು.

ಹತ್ತು ವಾರ, ಸುಮಾರು 30 ವಿಸಿಟ್, 400ರಂತೆ 12,000. ನನ್ನ ಖರ್ಚು ನೆಲಕ್ಕಂಟಿಸೋ ಟೇಪು, 60 ರೂಪಾಯಿ. ಟಿಯುಜಿ 15ಕ್ಕೆ ಬಂತು, ಲೆಕ್ಕದ ಜೊತೆ 19. ಬೈದಿದ್ದ ಸೀನಿಯರ್ರೇ ಈಗ ಇನ್ನೊಬ್ರನ್ನ ಕಳ್ಸಿದಾರೆ, ಹೂವು ಮಾರ್ತಿದ್ದ ಅಮ್ಮ, ಮಾತೇ ಹೊರಡಲ್ಲ. ಲೆಕ್ಕ ಕೇಳೋಹಾಗಿಲ್ಲ, ಸೊಂಟಕ್ಕೆ ಬುಟ್ಟಿ ಕಟ್ಟಿ ನಡೀತಾ ಮಲ್ಲಿಗೆ ಕನಕಾಂಬರ ಬೇರೆಬೇರೆ ಮಾಡಿಸ್ತಿದೀನಿ, ಮೂರು ದಿನ ಆಯ್ತು.